ಗ್ಯಾಮಾ ಕಿರಣಗಳೂ ನೆಲದ ಮೇಲಣ ದೂರದರ್ಶಕಗಳೂ

೧೯೧೨ರಲ್ಲಿ ಆಸ್ಟ್ರಿಯಾ ದೇಶದ ವಿಕ್ಟರ್ ಹೆಸ್ ಎಂಬ ವಿಜ್ಞಾನಿ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೇರಿ, ಭೂಮಿಯ ಹೊರಗಿನಿಂದ ಯಾವುದೋ ಪ್ರಬಲ ಕಿರಣ ಅವಿರತವಾಗಿ ಸುರಿಯುತ್ತಿದೆಯೆಂದು ತೋರಿಸಿದನು. ಇವಕ್ಕೆ ವಿಶ್ವಕಿರಣಗಳೆಂದು ಹೆಸರಾಯಿತು. ಇವು ಹುಟ್ಟುವುದೆಲ್ಲಿ, ಇಷ್ಟೊಂದು ಶಕ್ತಿ ಇವಕ್ಕೆ ಬರುವುದೆಂತು ಎಂಬ ಪ್ರಶ್ನೆಗೆ ಶತಮಾನ ಕಳೆದರೂ ಸಂಪೂರ್ಣವಾದ ಉತ್ತರ ದೊರೆತಿಲ್ಲ. ಅದಕ್ಕೆ ಕಾರಣ ಸರಳವಾದುದು. ವಿಶ್ವಕಿರಣಗಳಲ್ಲಿ ಬಹುಪಾಲು ಪ್ರೋಟಾನುಗಳು. ವಿದ್ಯುದಾವೇಶವುಳ್ಳ ಈ ಕಣಗಳ ದಾರಿಯನ್ನು ಆಕಾಶಗಂಗೆಯ ಕಾಂತಕ್ಷೇತ್ರಗಳು ಮತ್ತೆ ಮತ್ತೆ ಬಾಗಿಸುತ್ತವೆ. ಭೂಮಿಯನ್ನು ಸೇರುವ ಹೊತ್ತಿಗೆ ಕಣವು ತನ್ನ ತವರಿನ ದಿಕ್ಕನ್ನು ಮರೆತಿರುತ್ತದೆ. ಗ್ಯಾಮಾ ಕಿರಣಕ್ಕಾದರೋ ಆವೇಶವಿಲ್ಲ. ಕಣಗಳು ವೇಗ ಪಡೆಯುವ ಎಡೆಗಳಲ್ಲಿಯೇ ಹುಟ್ಟಿ ಅದು ನೇರವಾಗಿ ಬರುತ್ತದೆ. ಆದ್ದರಿಂದ ವಿಶ್ವಕಿರಣಗಳ ಮೂಲವನ್ನು ಅರಸುವವರಿಗೆ ಅದೇ ನಂಬಿಕೆಯ ದೂತ.

ಆದರೆ ಈ ದೂತನನ್ನು ಎದುರುಗೊಳ್ಳುವುದು ಸುಲಭವಲ್ಲ. ಕಣ್ಣಿಗೆ ಕಾಣುವ ಬೆಳಕಿನ ಕಣವೊಂದರ ಶಕ್ತಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್. ಇಲ್ಲಿ ಪ್ರಸ್ತುತವಾದ ಗ್ಯಾಮಾ ಕಿರಣದ್ದು ಒಂದು ಲಕ್ಷ ಕೋಟಿ ವೋಲ್ಟಿನ ಆಸುಪಾಸು. ಭೂಮಿಯ ವಾಯುಮಂಡಲ ಇಂಥ ಕಿರಣವನ್ನು ನೆಲಕ್ಕೆ ಬಿಡುವುದಿಲ್ಲ. ಉಪಗ್ರಹದಿಂದ ಹಿಡಿಯೋಣವೆಂದರೆ, ಅದರಲ್ಲಿಡುವ ಉಪಕರಣದ ವಿಸ್ತಾರ ಒಂದು ಚದರ ಮೀಟರಿನಷ್ಟು ಮಾತ್ರ. ಆಕಾಶದ ಉಜ್ಜ್ವಲ ಗ್ಯಾಮಾ ಮೂಲಗಳಲ್ಲೊಂದಾದ ಏಡಿ ನೀಹಾರಿಕೆಯಿಂದಲೇ ಅಷ್ಟು ಜಾಗದ ಮೇಲೆ ಈ ಶಕ್ತಿಯ ಕಿರಣಗಳು ಬೀಳುವುದು ವರ್ಷಕ್ಕೆ ಆರೋ ಏಳೋ.

ಈ ಇಕ್ಕಟ್ಟಿಗೆ ಪರಿಹಾರವಾದುದು, ಅಡ್ಡಿಯಾಗಿದ್ದ ವಾಯುಮಂಡಲವೇ. ಗ್ಯಾಮಾ ಕಿರಣವು ಮೇಲಿನ ವಾಯುವಿಗೆ ತಾಗಿದೊಡನೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಎಂಬ ಜೋಡಿಯಾಗಿ ಒಡೆಯುತ್ತದೆ. ಇವು ಹೊಸ ಗ್ಯಾಮಾ ಕಿರಣಗಳನ್ನು ಹುಟ್ಟಿಸುತ್ತವೆ. ಅವು ಮತ್ತೆ ಜೋಡಿಗಳಾಗುತ್ತವೆ. ಹೀಗೆ ಕ್ಷಣಾರ್ಧದಲ್ಲಿ ಸಾವಿರಾರು ಕಣಗಳ ಮಳೆಯೇ ಇಳಿಯುತ್ತದೆ. ಆ ಕಣಗಳ ವೇಗ ವಾಯುವಿನಲ್ಲಿ ಬೆಳಕಿಗಿರುವ ವೇಗಕ್ಕಿಂತ ಹೆಚ್ಚು. ತನ್ನ ಅಲೆಗಳನ್ನೇ ಹಿಂದಿಕ್ಕಿ ಓಡುವ ದೋಣಿ ನೀರಿನ ಮೇಲೆ ಕೋನಾಕಾರದ ಅಲೆಯನ್ನು ಎಬ್ಬಿಸುವಂತೆ, ಈ ಕಣಗಳು ನೀಲಿ ಬೆಳಕಿನ ಅಲೆಯನ್ನು ಎಬ್ಬಿಸುತ್ತವೆ. ೧೯೩೪ರಲ್ಲಿ ಇದನ್ನು ದ್ರವಗಳಲ್ಲಿ ಗುರುತಿಸಿದ ರಷ್ಯದ ಚೆರೆಂಕೋವನ ಹೆಸರೇ ಇದಕ್ಕೆ ನಿಂತಿದೆ. ನೆಲದ ಮೇಲೆ ಸುಮಾರು ೧೨೦ ಮೀಟರ್ ತ್ರಿಜ್ಯದ ವೃತ್ತದಲ್ಲಿ ಈ ಬೆಳಕು ಹರಡುತ್ತದೆ. ವೃತ್ತದೊಳಗೆ ಎಲ್ಲಿ ಕನ್ನಡಿಯಿಟ್ಟರೂ ಕಿರಣ ಸಿಕ್ಕಿದಂತೆಯೇ. ಎಂದರೆ ದೂರದರ್ಶಕದ ವಿಸ್ತಾರ ಕನ್ನಡಿಯದಲ್ಲ, ಹತ್ತಾರು ಸಾವಿರ ಚದರ ಮೀಟರುಗಳದು. ಬೆಳಕು ಮಾತ್ರ ಅತಿ ಕ್ಷೀಣ: ಒಂದು ಲಕ್ಷ ಕೋಟಿ ವೋಲ್ಟಿನ ಕಿರಣಕ್ಕೆ ಚದರ ಮೀಟರಿಗೆ ನೂರರಷ್ಟು ಬೆಳಕಿನ ಕಣಗಳು, ಅದೂ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನ ಹೊತ್ತು.

೧೯೫೨ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಗಾಲ್‌ಬ್ರೈತ್ ಮತ್ತು ಜೆಲ್ಲಿ ಎಂಬಿಬ್ಬರು ಒಂದು ಕಸದ ಡಬ್ಬಿಯೊಳಗೆ ೨೫ ಸೆಂಟಿಮೀಟರಿನ ಕನ್ನಡಿಯನ್ನಿಟ್ಟು, ರಾತ್ರಿಯ ಆಕಾಶದಲ್ಲಿ ಈ ಮಿಂಚನ್ನು ಮೊದಲು ಕಂಡರು. ಮಾರ್ಗ ತೆರೆಯಿತು, ಆದರೆ ಫಲ ಕೈಗೂಡಲಿಲ್ಲ. ೧೯೬೦ರ ದಶಕದ ಮೊದಲಲ್ಲಿ ಕ್ರಿಮಿಯಾದಲ್ಲಿ ಚುಡಾಕೋವ್ ಮತ್ತು ಸಂಗಡಿಗರು ಹನ್ನೆರಡು ಕನ್ನಡಿಗಳಿಂದ ಅರಸಿದರು. ನಿಶ್ಚಿತವಾದ ಮೂಲ ಒಂದೂ ಸಿಗಲಿಲ್ಲ. ೧೯೬೮ರಲ್ಲಿ ಅಮೆರಿಕದ ಅರಿಝೋನಾದಲ್ಲಿ ೧೦ ಮೀಟರಿನ ವಿಪ್ಪಲ್ ದೂರದರ್ಶಕ ನಿಂತಿತು. ಅದಕ್ಕೂ ಜಯ ಬರಲು ಇಪ್ಪತ್ತು ವರ್ಷ ಬೇಕಾಯಿತು.

ತೊಡಕಿದ್ದುದು ವಿವೇಚನೆಯಲ್ಲಿ. ಪ್ರೋಟಾನುಗಳು ಕೂಡ ಇಂಥದೇ ಮಳೆಯನ್ನು ತರುತ್ತವೆ. ಗ್ಯಾಮಾ ಮಳೆ ಒಂದಾದರೆ ಅವುಗಳದು ಸಾವಿರದಷ್ಟು. ಕಾಳನ್ನು ಜೊಳ್ಳಿನಿಂದ ಬೇರ್ಪಡಿಸುವ ಮೊರವೊಂದು ಬೇಕಾಗಿತ್ತು. ಮಿಂಚನ್ನು ಎಣಿಸಿದರೆ ಸಾಲದು, ಅದರ ಆಕಾರವನ್ನೂ ಚಿತ್ರಿಸಬೇಕೆಂಬುದು ಆ ಮೊರ. ಗ್ಯಾಮಾ ಮಳೆಯ ಚಿತ್ರ ಸಣಕಲಾದ ಅಂಡಾಕಾರವಾಗಿ ಮೂಲದ ಕಡೆಗೆ ಮುಖ ಮಾಡಿರುತ್ತದೆ. ಪ್ರೋಟಾನಿನದು ಅಸ್ತವ್ಯಸ್ತವಾಗಿ ಚದುರಿರುತ್ತದೆ. ೧೯೮೫ರಲ್ಲಿ ಹಿಲ್ಲಾಸ್ ಈ ಭೇದವನ್ನು ಗಣಿತದಲ್ಲಿ ಬಿಡಿಸಿ ತೋರಿಸಿದನು. ೩೭ ಬೆಳಕಿನ ನಳಿಗೆಗಳ ಕ್ಯಾಮೆರಾವನ್ನು ಬಳಸಿ, ಟ್ರೆವರ್ ವೀಕ್ಸ್ ಮತ್ತು ಸಂಗಡಿಗರು ೧೯೮೯ರಲ್ಲಿ ಏಡಿ ನೀಹಾರಿಕೆಯ ಗ್ಯಾಮಾ ಕಿರಣಗಳನ್ನು ಸಂದೇಹಕ್ಕೆಡೆಯಿಲ್ಲದಂತೆ ಕಂಡರು. ಅಲ್ಲಿಂದೀಚೆಗೆ ನಮೀಬಿಯಾದ ಹೆಸ್, ಲಾ ಪಾಲ್ಮಾ ದ್ವೀಪದ ಮ್ಯಾಜಿಕ್, ಅರಿಝೋನಾದ ವೆರಿಟಾಸ್ ಮುಂತಾದವುಗಳಿಂದ ಮೂಲಗಳ ಪಟ್ಟಿ ಇನ್ನೂರೈವತ್ತನ್ನು ದಾಟಿದೆ.

ಈ ಅನ್ವೇಷಣೆಯಲ್ಲಿ ಭಾರತದ ಪಾಲು ತಡವಾಗಿ ಬಂದುದಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ೧೯೬೯ರಲ್ಲಿಯೇ ಉದಕಮಂಡಲದಲ್ಲಿ ಸರ್ಚ್‌ಲೈಟಿನ ಕನ್ನಡಿಗಳಿಂದ ಕೆಲಸ ತೊಡಗಿದರು; ಮುಂದೆ ಅದು ಪಂಚಮಢಿಗೆ ಸಾಗಿತು. ನಂಜನಗೂಡಿನಲ್ಲಿ ಜನಿಸಿ, ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದ ಬಿ. ವಿ. ಶ್ರೀಕಂಠನ್ (೧೯೨೫-೨೦೧೯) ಅವರು ೧೯೭೫ರಿಂದ ೧೯೮೭ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸಹಯೋಗದಿಂದ ಏಳು ದೂರದರ್ಶಕಗಳ ಹಗರ್ ೨೦೦೮ರಲ್ಲಿ ಸಿದ್ಧವಾಯಿತು. ಅಲ್ಲಿಯೇ, ಸುಮಾರು ೪,೩೦೦ ಮೀಟರ್ ಎತ್ತರದಲ್ಲಿ, ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರವು ಹೈದರಾಬಾದಿನ ಇ.ಸಿ.ಐ.ಎಲ್. ನೆರವಿನಿಂದ ಕಟ್ಟಿದ ೨೧ ಮೀಟರ್ ವ್ಯಾಸದ ಮೇಸ್ ೨೦೨೪ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು. ಎತ್ತರ ಹೆಚ್ಚಿದಷ್ಟೂ ಕಣಗಳ ಮಳೆ ಸಮೀಪವಾಗಿ ಬೆಳಕು ಸಾಂದ್ರವಾಗುತ್ತದೆ. ಕಡಿಮೆ ಶಕ್ತಿಯ ಕಿರಣವೂ ಕಾಣಸಿಗುತ್ತದೆ.

ಹಾಗಾದರೆ ಹೆಸ್ಸನ ಪ್ರಶ್ನೆ ಬಗೆಹರಿಯಿತೇ? ಅರ್ಧ ಮಾತ್ರ. ಗ್ಯಾಮಾ ಕಿರಣವನ್ನು ಪ್ರೋಟಾನೂ ಹುಟ್ಟಿಸಬಲ್ಲದು, ಎಲೆಕ್ಟ್ರಾನೂ ಹುಟ್ಟಿಸಬಲ್ಲದು. ಏಡಿ ನೀಹಾರಿಕೆಯ ಕಿರಣಗಳು ಬಹುಮಟ್ಟಿಗೆ ಎಲೆಕ್ಟ್ರಾನುಗಳ ಕೊಡುಗೆ. ೨೦೧೩ರಲ್ಲಿ ಫರ್ಮಿ ಉಪಗ್ರಹವು ಸಿಡಿದ ನಕ್ಷತ್ರಗಳ ಎರಡು ಅವಶೇಷಗಳಲ್ಲಿ ಪ್ರೋಟಾನಿನ ಗುರುತನ್ನು ಹಿಡಿದಿತಾದರೂ, ಅದು ಕೆಳಗಿನ ಶಕ್ತಿಯದು. ೨೦೨೧ರಲ್ಲಿ ಚೀನಾದ ಲಾಸೋ ವೀಕ್ಷಣಾಲಯವು ೧,೪೦೦ ಲಕ್ಷ ಕೋಟಿ ವೋಲ್ಟಿನ ಕಿರಣವೊಂದನ್ನು ಕಂಡಿತೆಂಬುದರಿಂದ, ಅತ್ಯುಗ್ರವಾದ ವೇಗವರ್ಧಕಗಳು ಆಕಾಶಗಂಗೆಯಲ್ಲೇ ಇವೆಯೆಂಬುದು ಸ್ಥಿರಪಟ್ಟಿದೆ. ಅವುಗಳಲ್ಲಿ ಪ್ರೋಟಾನುಗಳ ತವರು ಯಾವುದೆಂಬುದನ್ನು ಒಂದೊಂದಾಗಿ ನಿರ್ಣಯಿಸುವ ಕಾರ್ಯ ಉಳಿದಿದೆ. ಕಸದ ಡಬ್ಬಿಯ ಮಿಂಚಿನಿಂದ ಏಡಿ ನೀಹಾರಿಕೆಯವರೆಗೆ ಮೂವತ್ತೇಳು ವರ್ಷ ಕಾದ ಶಾಸ್ತ್ರವಿದು. ಬರಿಗೈಯಲ್ಲಿ ಕಳೆದ ಆ ವರ್ಷಗಳೇ ಅದರ ಅಡಿಪಾಯ.