ತಾಂಡಾ ಊರಾಗುವ ದಾರಿ

ತೊಗರಿ ರಾಶಿ ಮುಗಿದರೆ ಕಲಬುರಗಿ ಜಿಲ್ಲೆಯ ಹೊಲಗಳಲ್ಲಿ ಕೆಲಸ ಕಡಿಮೆಯಾಗುತ್ತದೆ. ಆಗ ನಗರದ ರೈಲು ನಿಲ್ದಾಣದಲ್ಲೂ ಬಸ್ ನಿಲ್ದಾಣದಲ್ಲೂ ಗಂಟುಮೂಟೆ ಹೊತ್ತ ಕುಟುಂಬಗಳು ಕಾಣತೊಡಗುತ್ತವೆ. ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸ, ರಸ್ತೆ ಕೆಲಸಗಳಿಗೆ ಹೊರಟವರು ಇವರು. ಇವರಲ್ಲಿ ಕಮಲಾಪುರ, ಚಿಂಚೋಳಿ, ಚಿತ್ತಾಪುರ ಕಡೆಯ ಲಂಬಾಣಿ ತಾಂಡಾಗಳವರು ಬಹಳ. ಹಿರಿಯರ ಜೊತೆ ಮಕ್ಕಳೂ ಹೊರಡುತ್ತಾರೆ. ಹೊರಡದ ಮಕ್ಕಳು ಅಜ್ಜ ಅಜ್ಜಿಯರ ಬಳಿ ತಾಂಡಾದಲ್ಲೇ ಉಳಿಯುತ್ತಾರೆ. ಮುಂಗಾರು ಬಿತ್ತನೆಯ ಹೊತ್ತಿಗೆ ಮತ್ತೆ ಎಲ್ಲರೂ ಒಂದೆಡೆ ಸೇರುತ್ತಾರೆ.

ಪರವೂರಿನಲ್ಲಿ ಇವರು ಹೊರಗಿನವರು. ಅದು ಸಹಜ ಎನ್ನಬಹುದು. ಆದರೆ ತಲೆಮಾರುಗಳಿಂದ ಬಾಳಿದ ಸ್ವಂತ ನೆಲದಲ್ಲೂ ಇವರು ಪೂರ್ತಿಯಾಗಿ 'ಊರಿನವರು' ಎನಿಸಿಕೊಂಡಿದ್ದಾರೆಯೇ? ವಲಸೆ ಬಂದ ಕುಟುಂಬವೊಂದು ನೆರೆಹೊರೆಯ ಭಾಗವಾಗುವುದು ಹೇಗೆ ಎಂಬ ಪ್ರಶ್ನೆಗೆ ತಾಂಡಾಗಳ ಕಥೆಯಲ್ಲಿ ಉತ್ತರವಿದೆ.

ಬಂದವರು ಬೆಳೆಸಿದ ನಗರ

ಹಾಗೆ ನೋಡಿದರೆ ಕಲಬುರಗಿಗೆ ಹೊರಗಿನಿಂದ ಬಂದವರು ಹೊಸಬರಲ್ಲ. 1347ರಲ್ಲಿ ಬಹಮನಿ ಅರಸರು ಇದನ್ನು ರಾಜಧಾನಿ ಮಾಡಿಕೊಂಡ ಮೇಲೆ ಇರಾನ್, ಮಧ್ಯ ಏಷ್ಯಾಗಳಿಂದ ವಿದ್ವಾಂಸರು, ಸೈನಿಕರು, ವ್ಯಾಪಾರಿಗಳು ಬಂದರು. ತೈಮೂರನ ದಾಳಿಯ ಕಾಲದಲ್ಲಿ ದೆಹಲಿ ಬಿಟ್ಟ ಸೂಫಿ ಸಂತ ಖ್ವಾಜಾ ಬಂದೇ ನವಾಜರು ಇಲ್ಲಿ ನೆಲೆಸಿ 1422ರಲ್ಲಿ ನಿಧನರಾದರು. ಅವರ ದರ್ಗಾಕ್ಕೆ ಇಂದಿಗೂ ಎಲ್ಲ ಮತದವರೂ ಬರುತ್ತಾರೆ.

ಬಂದವರನ್ನು ಒಳಗೆ ಸೇರಿಸಿಕೊಳ್ಳುವುದು ಆಗಲೂ ಸುಲಭವಾಗಿರಲಿಲ್ಲ. ಪರದೇಶದಿಂದ ಹೊಸದಾಗಿ ಬಂದವರನ್ನು 'ಆಫಾಕಿ'ಗಳೆಂದೂ, ಮೊದಲೇ ಬಂದು ಇಲ್ಲಿ ಬೇರುಬಿಟ್ಟವರನ್ನು 'ದಖನಿ'ಗಳೆಂದೂ ಕರೆಯುತ್ತಿದ್ದರು. ದರ್ಬಾರಿನಲ್ಲಿ ಈ ಎರಡು ಬಣಗಳ ಜಗಳ ರಾಜಧಾನಿ ಬೀದರಿಗೆ ಹೋದ ಮೇಲೂ ನಿಲ್ಲಲಿಲ್ಲ. 1481ರಲ್ಲಿ ಮಂತ್ರಿ ಮಹಮೂದ್ ಗಾವಾನನ ತಲೆದಂಡವಾದದ್ದಕ್ಕೂ ಈ ಜಗಳವೇ ಹಿನ್ನೆಲೆ. ಆದರೆ ಸಂತೆಯಲ್ಲಿ, ಓಣಿಯಲ್ಲಿ ನಡೆದದ್ದು ಬೇರೆ. ಉತ್ತರದಿಂದ ಬಂದ ಮಾತು ಕನ್ನಡ, ಮರಾಠಿ, ತೆಲುಗುಗಳ ನೆರೆಯಲ್ಲಿ ಬೆಳೆದು ದಖನಿಯಾಯಿತು. ಈ ಭಾಗದ ಕನ್ನಡವೂ ಉರ್ದು ಪದಗಳನ್ನು ತನ್ನದಾಗಿಸಿಕೊಂಡಿತು. ಅರಮನೆ ಜಗಳವಾಡುತ್ತಿದ್ದಾಗ ಓಣಿ ಮಾತು ಕಲಿಯುತ್ತಿತ್ತು.

ಎತ್ತಿನ ಸಾಲಿಗೆ ತಾಂಡಾ ಎಂಬ ಹೆಸರು

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಸುತ್ತಲ ಗುಡ್ಡದ ಓರೆಗಳಲ್ಲಿ, ಹಳ್ಳಿಗಳಿಂದ ತುಸು ದೂರದಲ್ಲಿ ತಾಂಡಾಗಳಿವೆ. ಹಳ್ಳಿಯ ಹೆಸರಿಗೆ 'ತಾಂಡಾ' ಎಂದು ಸೇರಿಸಿದರೆ ಅದೇ ವಿಳಾಸ.

ಇಂದು 'ತಾಂಡಾ' ಎಂದರೆ ಜನ ನೆಲೆನಿಂತ ಜಾಗ. ಮೊದಲು ಈ ಪದಕ್ಕಿದ್ದ ಅರ್ಥ ಇದಕ್ಕೆ ತದ್ವಿರುದ್ಧ. ಧಾನ್ಯ, ಉಪ್ಪು ಹೇರಿಕೊಂಡು ದೇಶದುದ್ದಕ್ಕೂ ಸಾಗುತ್ತಿದ್ದ ಎತ್ತುಗಳ ಸಾಲೇ ತಾಂಡಾ. ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ 1632ರಲ್ಲಿ ತಾನು ಕಂಡ ಒಂದು ತಾಂಡಾದಲ್ಲಿ 14,000 ಎತ್ತುಗಳಿದ್ದವು ಎಂದು ಬರೆದಿದ್ದಾನೆ. ರಾಜಸ್ಥಾನದ ಕಡೆಯ ಮೂಲದವರೆಂದು ಹೇಳಲಾಗುವ ಬಂಜಾರರು ಮೊಗಲ್ ಸೈನ್ಯಗಳಿಗೆ ದವಸ ಪೂರೈಸುತ್ತ ದಖನ್ನಿಗೆ ಬಂದರು. ಟಿಪ್ಪುವಿನ ವಿರುದ್ಧ ಹೊರಟ ಕಾರ್ನ್‌ವಾಲಿಸನ ಸೈನ್ಯ ಕೂಡ 1791-92ರಲ್ಲಿ ಅವರ ಎತ್ತುಗಳನ್ನೇ ನೆಚ್ಚಿಕೊಂಡಿತ್ತು.

ಈ ಕಸುಬನ್ನು ಮುರಿದದ್ದು ರೈಲು. ಮುಂಬಯಿಯಿಂದ ಕಲಬುರಗಿ ಮಾರ್ಗವಾಗಿ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಸಾವಿರಾರು ಎತ್ತುಗಳ ಹೇರನ್ನು ಕೆಲವೇ ರೈಲುಗಳು ಎಳೆಯತೊಡಗಿದವು. ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದದ್ದೂ ಅದೇ 1871ರಲ್ಲಿ. ಅಲೆಮಾರಿಯಾಗಿರುವುದೇ ಅನುಮಾನಕ್ಕೆ ಕಾರಣವಾಯಿತು. ಮುಂದೆ ಬಂಜಾರರ ಕೆಲವು ಗುಂಪುಗಳೂ ಆ ಕಾಯ್ದೆಯ ಪಟ್ಟಿಗೆ ಸೇರಿದವು. ಸ್ವಾತಂತ್ರ್ಯಾನಂತರ, 1952ರಲ್ಲಿ, ಕಾಯ್ದೆ ರದ್ದಾಯಿತು. ಆದರೆ ಅದು ಬಿಟ್ಟುಹೋದ ಸಂಶಯ ಅಷ್ಟು ಬೇಗ ಅಳಿಯಲಿಲ್ಲ.

ಕಸುಬು ಹೋದ ಮೇಲೆ ಎತ್ತಿನ ಸಾಲು ನಿಂತಿತು. ಹಳ್ಳಿಗಳಲ್ಲಿ ಒಳ್ಳೆಯ ಹೊಲಗಳಿಗೆ ಆಗಲೇ ಒಡೆಯರಿದ್ದರು. ತಾಂಡಾಗಳಿಗೆ ಸಿಕ್ಕಿದ್ದು ಗುಡ್ಡದ ಅಂಚು, ಕಲ್ಲು ನೆಲ, ಕಾಡಿನ ಬದಿ. ಇಂದಿನ ಬೇಸಿಗೆ ವಲಸೆಯ ಬೇರು ಇರುವುದು ಇಲ್ಲೇ. ಮಳೆಯನ್ನೇ ನಂಬಿದ ಸಣ್ಣ ಹಿಡುವಳಿ ವರ್ಷವಿಡೀ ಮನೆಯನ್ನು ಸಾಕುವುದಿಲ್ಲ.

ದಾಖಲೆಯಲ್ಲಿ ಇಲ್ಲದ ಊರು

ಊರಿನವರಾಗಲು ಮೊದಲ ಬಾಗಿಲು ಕಂದಾಯ ದಾಖಲೆ. ಅದರಲ್ಲಿ ಊರಿನ ಹೆಸರಿಲ್ಲದಿದ್ದರೆ ಮನೆ ಇದ್ದೂ ಇಲ್ಲದಂತೆ. ಅನೇಕ ತಾಂಡಾಗಳ ಮನೆಗಳು ಸರ್ಕಾರಿ ಜಾಗದಲ್ಲೋ ಮತ್ತೊಬ್ಬರ ಹೆಸರಿನ ಸರ್ವೆ ನಂಬರಿನಲ್ಲೋ ಇದ್ದವು. ಎರಡು ಮೂರು ತಲೆಮಾರು ಬಾಳಿದ ಮನೆಗೂ ಹಕ್ಕುಪತ್ರವಿರಲಿಲ್ಲ. ಹಕ್ಕುಪತ್ರವಿಲ್ಲದ ಮನೆಯನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯುವುದು ಸಾಧ್ಯವಿಲ್ಲ, ಎಬ್ಬಿಸಲು ಬಂದರೆ ತೋರಿಸಲು ಕಾಗದವೂ ಇರುವುದಿಲ್ಲ.

ಇದನ್ನು ಸರಿಪಡಿಸಲು ಭೂಸುಧಾರಣಾ ಕಾಯ್ದೆಗೆ 2016ರ ತಿದ್ದುಪಡಿಯ ಮೂಲಕ 38ಎ ಕಲಮು ಸೇರಿತು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ ಮುಂತಾದ ದಾಖಲೆರಹಿತ ಜನವಸತಿಗಳಲ್ಲಿ ವಾಸಿಸುವವರಿಗೆ ಮನೆಯ ಒಡೆತನ ಕೊಡುವುದು ಇದರ ಉದ್ದೇಶ. 'ಉಳುವವನೇ ಹೊಲದೊಡೆಯ' ಎಂಬ ಹಳೆಯ ಮಾತಿಗೆ 'ವಾಸಿಸುವವನೇ ಮನೆಯೊಡೆಯ' ಎಂಬುದು ಜೊತೆಯಾಯಿತು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ಜನವಸತಿಗಳು ಹೊಸ ಕಂದಾಯ ಗ್ರಾಮಗಳೆಂದು ಘೋಷಿತವಾಗಿದ್ದವು. ಹಕ್ಕುಪತ್ರ ಪಡೆದ ಕುಟುಂಬಗಳು ಐವತ್ತು ಸಾವಿರದಷ್ಟು.

ರಾಜಕೀಯದಲ್ಲಿ ಬಾಗಿಲು ಇದಕ್ಕೂ ಮೊದಲೇ ತೆರೆದಿತ್ತು. ಹಳೆ ಮೈಸೂರಿನಲ್ಲಿ ಪರಿಶಿಷ್ಟ ಜಾತಿಗೆ ಸೇರಿದ್ದ ಲಂಬಾಣಿಗರಿಗೆ ಈ ಭಾಗದಲ್ಲಿ ಆ ಸ್ಥಾನ ಸಿಕ್ಕಿದ್ದು, ಪ್ರದೇಶದ ಮಿತಿಯನ್ನು ತೆಗೆದ 1976ರ ತಿದ್ದುಪಡಿ ಕಾಯ್ದೆಯ ಬಳಿಕ. ಅದೇ ಜನ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಗಡಿ ದಾಟಿದರೆ ಗುರುತೇ ಬದಲಾಗುತ್ತದೆ! ಮೀಸಲು ಕ್ಷೇತ್ರವಾಗಿದ್ದ ಕಮಲಾಪುರದಿಂದ ರೇವು ನಾಯಕ ಬೆಳಮಗಿ ಒಂದಕ್ಕಿಂತ ಹೆಚ್ಚು ಬಾರಿ ವಿಧಾನಸಭೆಗೆ ಹೋದರು, ಸಚಿವರೂ ಆದರು. 2019ರಲ್ಲಿ ಉಮೇಶ ಜಾಧವ ಕಲಬುರಗಿಯಿಂದ ಲೋಕಸಭೆಗೆ ಆಯ್ಕೆಯಾದರು.

ಮನೆಯ ಮಾತು, ಶಾಲೆಯ ಮಾತು

ಎರಡನೆಯ ಬಾಗಿಲು ಶಾಲೆ. ತಾಂಡಾದ ಮನೆಯಲ್ಲಿ ಮಗು ಆಡುವುದು ಗೋರ್‌ಬೋಲಿ. ಇದು ರಾಜಸ್ಥಾನಿಗೆ ಹತ್ತಿರವಾದ ಭಾಷೆ, ಕನ್ನಡದ ಕುಟುಂಬಕ್ಕೆ ಸೇರಿದ್ದಲ್ಲ. ಇದಕ್ಕೆ ಸ್ವಂತ ಲಿಪಿಯಿಲ್ಲ. ಆಯಾ ರಾಜ್ಯದ ಲಿಪಿಯಲ್ಲಿ ಬರೆಯುತ್ತಾರೆ. ಅವ್ವನನ್ನು 'ಯಾಡಿ', ರೊಟ್ಟಿಯನ್ನು 'ಬಾಟಿ', ನೀರನ್ನು 'ಪಾಣಿ' ಎಂದು ಕಲಿತ ಮಗು ಒಂದನೇ ತರಗತಿಯಲ್ಲಿ ಕೂತ ದಿನವೇ ಇವೆಲ್ಲಕ್ಕೂ ಬೇರೆ ಹೆಸರು ಕೇಳುತ್ತದೆ. ಮಗು ಸುಮ್ಮನೆ ಕೂತರೆ ಅದಕ್ಕೆ ಬುದ್ಧಿ ಸಾಲದು ಎಂದಲ್ಲ, ಮಾತು ಇನ್ನೂ ಬಂದಿಲ್ಲ ಎಂದರ್ಥ. ಇವೆರಡರ ವ್ಯತ್ಯಾಸ ತಿಳಿದ ಶಿಕ್ಷಕರಿದ್ದಲ್ಲಿ ಮಗು ಬೇಗ ಕನ್ನಡ ಹಿಡಿಯುತ್ತದೆ. ತಿಳಿಯದಿದ್ದಲ್ಲಿ ಹಿಂದಿನ ಬೆಂಚೇ ಅದರ ಖಾಯಂ ಜಾಗವಾಗುತ್ತದೆ.

ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಗೋರ್‌ಬೋಲಿಯಲ್ಲೇ ಎಲ್ಲ ಪಾಠ ನಡೆಯಬೇಕೆಂದಲ್ಲ. ಮೊದಲ ಒಂದೆರಡು ವರ್ಷ ಮಗುವಿನ ಮಾತಿಗೂ ತರಗತಿಯಲ್ಲಿ ಜಾಗವಿದ್ದರೆ ಅದು ಕನ್ನಡಕ್ಕೆ ಸೇತುವೆಯಾಗುತ್ತದೆ. ಆ ಸೇತುವೆ ದಾಟಿದವರು ಕನ್ನಡಕ್ಕೆ ಏನು ಕೊಡಬಲ್ಲರು ಎಂಬುದಕ್ಕೆ ಕಡೂರು ಕಡೆಯ ತಾಂಡಾದಲ್ಲಿ ಹುಟ್ಟಿ, ಕನ್ನಡದ ಕಥೆಗಾರ್ತಿಯಾಗಿ ಹೆಸರಾಗಿ, ಸಚಿವೆಯೂ ಆಗಿದ್ದ ಬಿ.ಟಿ. ಲಲಿತಾ ನಾಯಕ್ ಅವರೇ ಉದಾಹರಣೆ.

ಕಷ್ಟ ಇಲ್ಲಿಗೇ ಮುಗಿಯುವುದಿಲ್ಲ. ಜೂನ್‌ನಲ್ಲಿ ಕನ್ನಡ ಶಾಲೆ ಸೇರಿದ ಮಗು ಫೆಬ್ರವರಿಯಲ್ಲಿ ಪುಣೆಯ ಕೆಲಸದ ಜಾಗದಲ್ಲಿರುತ್ತದೆ. ಅಲ್ಲಿನ ಶಾಲೆ ಮರಾಠಿಯದು. ಶಿಕ್ಷಣ ಹಕ್ಕು ಕಾಯ್ದೆ (2009) ಇಂಥ ಮಕ್ಕಳ ಪರವಾಗಿಯೇ ಇದೆ. ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ಹೆಚ್ಚುವರಿ ಪಾಠ ಹೇಳಬೇಕು. ವಲಸೆ ಮಕ್ಕಳಿಗಾಗಿ ಟೆಂಟ್ ಶಾಲೆಗಳೂ, ತಂದೆತಾಯಿ ದುಡಿಯಲು ಹೋದ ತಿಂಗಳುಗಳಲ್ಲಿ ಮಕ್ಕಳು ಊರಲ್ಲೇ ಉಳಿಯುವಂತೆ ಋತುಮಾನ ವಸತಿ ವ್ಯವಸ್ಥೆಯೂ ಸರ್ಕಾರದ ಯೋಜನೆಗಳಲ್ಲಿವೆ. ಆದರೆ ಹೊರಡುವ ದಿನ ತಂದೆತಾಯಿಗೆ ಇವುಗಳ ಸುದ್ದಿ ತಲುಪಿರಬೇಕು. ತಲುಪಿಸಬಲ್ಲವರು ಶಾಲೆಯ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು, ತಾಂಡಾದ ನಾಯಕ.

ಎರಡೂ ಕಡೆಯ ಗೋಡೆ

ಮೂರನೆಯ ಬಾಗಿಲು ನೆರೆಹೊರೆ. ಬಂಜಾರರು ತಮ್ಮನ್ನು 'ಗೋರ್' ಎಂದೂ, ತಮ್ಮವರಲ್ಲದವರನ್ನು 'ಕೋರ್' ಎಂದೂ ಕರೆಯುತ್ತಾರೆ. ಹಳ್ಳಿಯವರ ಬಾಯಲ್ಲಿ 'ತಾಂಡಾದವರು' ಎಂಬ ಮಾತಿಗೂ ಒಂದು ದೂರವಿದೆ. ಗೋಡೆ ಎರಡೂ ಕಡೆಯಿಂದ ಎದ್ದಿದೆ. ತಾಂಡಾಕ್ಕೆ ತನ್ನದೇ ನಾಯಕ, ಡಾವೋ, ಕಾರಭಾರಿ ಇದ್ದಾರೆ. ಹುಡುಗಿಯರು ಗೋಧಿ ಸಸಿ ಬೆಳೆಸುವ ತೀಜ್ ಹಬ್ಬವಿದೆ. ಹೋಳಿಗೆ ಹಾಡು ಕುಣಿತವಿದೆ. ಇವನ್ನೆಲ್ಲ ಬಿಟ್ಟರೆ ಮಾತ್ರ ಊರಿನವರು ಎಂದು ಯಾರೂ ಷರತ್ತು ಹಾಕುವಂತಿಲ್ಲ. ಸಂತೆಯಲ್ಲಿ, ತೊಗರಿ ಹೊಲದ ಕೂಲಿಯಲ್ಲಿ, ಶಾಲೆಯ ಬಿಸಿಯೂಟದ ಸಾಲಿನಲ್ಲಿ ಇಬ್ಬರೂ ಹೇಗೂ ಕೂಡುತ್ತಾರೆ.

ಈ ನೆರೆಹೊರೆಗೆ 2020ರಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಕೊರೋನಾದಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು ಕಲಬುರಗಿಯಲ್ಲಿ, ಆ ಮಾರ್ಚ್‌ನಲ್ಲಿ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಸಾವಿರಾರು ಕೂಲಿಕಾರರು ಮರಳಿದರು. ಅವರನ್ನು ಇರಿಸಿದ್ದು ಶಾಲೆ, ಹಾಸ್ಟೆಲ್ ಕಟ್ಟಡಗಳಲ್ಲಿ. ಸ್ವಂತ ಊರಿಗೆ ಬಂದವರೇ ಹೊರಗಿನವರಾಗಿ ಕಂಡ ದಿನಗಳವು. ದುಡಿಯಲು ಹೊರಗೆ ಹೋದವರ ನಂಟು ಊರಿನೊಂದಿಗೆ ಎಷ್ಟು ತೆಳುವಾಗಿದೆ ಎಂಬುದು ಆಗ ಎಲ್ಲರಿಗೂ ಕಂಡಿತು.

ಹಕ್ಕುಪತ್ರ ಬಂದಾಗ ಮನೆ ಊರಿನದಾಗುತ್ತದೆ. ಮನುಷ್ಯರು ಊರಿನವರಾಗುವುದು ಇನ್ನಷ್ಟು ಸಣ್ಣ, ದಿನನಿತ್ಯದ ಸಂಗತಿಗಳಿಂದ. ಬೇಸಿಗೆ ಕಳೆದು ಬಿತ್ತನೆಗೆಂದು ತಾಂಡಾ ಮತ್ತೆ ತುಂಬುವ ಜೂನ್ ತಿಂಗಳಲ್ಲಿ, ಪುಣೆಯಿಂದ ಮರಳಿದ ಮಗುವಿನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೂ ಉಳಿದಿದೆಯೇ? 'ಇಷ್ಟು ದಿನ ಎಲ್ಲಿ ಹೋಗಿದ್ದಿ, ಬಾ' ಎಂದು ಪಕ್ಕದಲ್ಲಿ ಜಾಗ ಬಿಡುವ ಗೆಳೆಯ ಇದ್ದಾನೆಯೇ? ಈ ಎರಡಕ್ಕೂ ಹೌದು ಎನ್ನಬಹುದಾದ ದಿನ, ಎಂದೋ ಎತ್ತುಗಳೊಡನೆ ಹೊರಟ ತಾಂಡಾ ನಿಜವಾಗಿಯೂ ಊರು ಸೇರಿತು ಎನ್ನಬಹುದು.