ಗೋಡೆ ಬಿದ್ದ ಊರಿನ ಇರುಳು

ಬರ್ಲಿನ್ ನಗರದಲ್ಲಿ ನೆಲೆಸಿರುವ ನಮ್ಮ ಸೋದರಳಿಯನು ಹಗಲು ಹೊತ್ತಿನಲ್ಲಿ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆಂಬುದು ಮನೆಯವರಿಗೆಲ್ಲ ತಿಳಿದ ಸಂಗತಿ. ಶನಿವಾರದ ರಾತ್ರಿ ಏನು ಮಾಡುತ್ತಾನೆಂಬುದು ಮಾತ್ರ ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಕುಣಿತದ ಕ್ಲಬ್ಬುಗಳಲ್ಲಿ ರೆಕಾರ್ಡು ನುಡಿಸುತ್ತಾನೆ, ಅಂಥವರನ್ನು 'ಡಿ.ಜೆ.' ಎನ್ನುತ್ತಾರೆ ಎಂಬ ಸುದ್ದಿಯು ಕುಂಬಳೆಯ ಸಮೀಪದ ನಮ್ಮ ತಂಗಿಯ ಮನೆಯನ್ನು ಮುಟ್ಟಿದ ದಿನ ಅಲ್ಲಿ ಒಲೆ ಹೊತ್ತುವುದೇ ತಡವಾಯಿತಂತೆ.

"ಮದುವೆ ಮನೆಯಲ್ಲಿ ಡಿ.ಜೆ. ಹಾಕಿ ಕಿವಿ ಒಡೆಯುತ್ತಾರಲ್ಲ ಅಣ್ಣ, ಅದೇ ಕೆಲಸವೇ? ಅದಕ್ಕೆ ಜರ್ಮನಿಗೆ ಹೋಗಬೇಕಿತ್ತೇ? ಹೇಗೂ ನೀನು ಆ ಕಡೆ ಹೋಗುತ್ತೀ. ಒಂದು ರಾತ್ರಿ ಅವನ ಜೊತೆಗಿದ್ದು ನೋಡಿ ಬಾ" ಎಂದು ತಂಗಿ ಹೇಳಿದಳು. ಹೀಗೆ ಅರುವತ್ತು ದಾಟಿದ ವಯಸ್ಸಿನಲ್ಲಿ ನಾವು ಗೂಢಚಾರರಾದೆವು.

ಗೂಢಚಾರಿಕೆಯು ಮೊದಲ ದಿನವೇ ಬಯಲಾಯಿತೆಂದು ಬೇರೆ ಹೇಳಬೇಕಾಗಿಲ್ಲ. "ಅಮ್ಮ ಕಳಿಸಿದ್ದಲ್ಲವೇ ಮಾವ?" ಎಂದು ಹುಡುಗ ನಕ್ಕನು. "ಒಂದು ರಾತ್ರಿ ಸಾಲದು. ಗುರುವಾರ ಶುರುಮಾಡುವ. ಪ್ರವಾಸಿಗಳು ಸಾಲು ನಿಲ್ಲುವಲ್ಲಿಗೆ ಬೇಡ, ನಾವು ಹೋಗುವಲ್ಲಿಗೆ ಹೋಗುವ. ಆದರೆ ಮೊದಲು ಹಗಲಲ್ಲಿ ಒಮ್ಮೆ ಹೊಳೆಯ ಬದಿಯಲ್ಲಿ ನಡೆಯಬೇಕು."

ಆ ಹೊಳೆಯ ಹೆಸರು ಸ್ಪ್ರೇ. ಅದರ ಮೇಲೆ ಕೆಂಪು ಇಟ್ಟಿಗೆಯ ಎರಡು ಗೋಪುರಗಳುಳ್ಳ ಓಬರ್‌ಬೌಮ್ ಸೇತುವೆಯಿದೆ. 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿಯ ಸರಕಾರವು ನಗರದ ನಡುವೆ ಗಡಿಯನ್ನು ಮುಚ್ಚಿ ಗೋಡೆಯ ಕೆಲಸ ಆರಂಭಿಸಿತು. ಅಲ್ಲಿಂದ 1989ರ ನವೆಂಬರ್ 9ರವರೆಗೆ ಈ ಸೇತುವೆಯ ಒಂದು ತುದಿ ಒಂದು ದೇಶ, ಇನ್ನೊಂದು ತುದಿ ಇನ್ನೊಂದು ದೇಶ. ಗಡಿಯೆಂದರೇನೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ನಾವು ಮಲಗಿ ಎದ್ದ ಮನೆಯೇ ಬೇರೊಂದು ರಾಜ್ಯದಲ್ಲಿತ್ತು. ಆದರೆ ನಮ್ಮ ತಲಪಾಡಿಯಲ್ಲಿ ಗುಂಡು ಹಾರಿಸುವವರಿರಲಿಲ್ಲ. ಬರ್ಲಿನ್ನಿನಲ್ಲಿ ಗೋಡೆ ದಾಟಲು ಹೋಗಿ ಪ್ರಾಣ ಕಳೆದುಕೊಂಡವರು ನೂರಕ್ಕೂ ಮಿಕ್ಕಿದ್ದಾರೆ.

ಗೋಡೆ ಬಿದ್ದಾಗ ಅದರ ಇಕ್ಕೆಲಗಳಲ್ಲಿದ್ದ ಹಾಳುಭೂಮಿಯೂ, ಪೂರ್ವಭಾಗದ ಮುಚ್ಚಿದ ಕಾರ್ಖಾನೆಗಳೂ ಉಗ್ರಾಣಗಳೂ ಒಮ್ಮೆಗೇ ಬರಿದಾಗಿ ಉಳಿದವು. ಯಾವುದು ಯಾರ ಆಸ್ತಿಯೆಂದು ತೀರ್ಮಾನವಾಗಲು ವರ್ಷಗಳೇ ಹಿಡಿದವು. ಆ ಅವಕಾಶದಲ್ಲಿ ಎರಡೂ ಕಡೆಯ ತರುಣರು ಹಾಳುಕಟ್ಟಡಗಳಿಗೆ ವಿದ್ಯುತ್ತಿನ ತಂತಿ ಎಳೆದು ಧ್ವನಿವರ್ಧಕಗಳನ್ನು ಇಟ್ಟು ಕುಣಿಯತೊಡಗಿದರು. ಇಪ್ಪತ್ತೆಂಟು ವರ್ಷ ಬೇರೆಬೇರೆ ಶಾಲೆ, ಬೇರೆಬೇರೆ ಪತ್ರಿಕೆ, ಬೇರೆಬೇರೆ ನಾಣ್ಯ ಕಂಡು ಬೆಳೆದವರಿಗೆ ಪರಸ್ಪರ ಆಡಲು ಮಾತು ಸಾಲದಿದ್ದ ಕಾಲದಲ್ಲಿ, ಮಾತೇ ಇಲ್ಲದ ಸಂಗೀತವು ಅವರನ್ನು ಒಂದು ಕೋಣೆಯಲ್ಲಿ ಸೇರಿಸಿತು. ಆಳಿಯನು ಇದನ್ನೇ ತೋರಿಸಲು ನಮ್ಮನ್ನು ಹಗಲಲ್ಲಿ ನಡೆಸಿದ್ದನು.

ಇರುಳಿಗೆ ಕೊನೆಯೇ ಇಲ್ಲದಿರುವುದಕ್ಕೆ ಇನ್ನೂ ಹಳೆಯ ಕಾರಣವೊಂದುಂಟು. 1949ರಲ್ಲಿ ಹೈನ್ಸ್ ತ್ಸೆಲ್ಲರ್‌ಮೈಯರ್ ಎಂಬ ಹೋಟೆಲುದಾರರು ಅಮೆರಿಕದ ಸೇನಾಧಿಕಾರಿ ಫ್ರಾಂಕ್ ಹೌಲಿಯವರನ್ನು ಕಂಡು, ಪಾನಗೃಹಗಳನ್ನು ಇಂತಿಷ್ಟು ಹೊತ್ತಿಗೆ ಮುಚ್ಚಬೇಕೆಂಬ ಕಟ್ಟಳೆಯನ್ನು ಪಶ್ಚಿಮ ಬರ್ಲಿನ್ನಿನಿಂದ ತೆಗೆಯಿಸಿದರು. ಕೈಯಲ್ಲಿ ಒಂದು ವಿಸ್ಕಿ ಬಾಟಲಿಯೂ ಇತ್ತೆಂದು ಊರಿನ ಕಥೆ. ಅಂದು ಹೋದ ಆ ಕಟ್ಟಳೆ ಬಹುಕಾಲ ಮರಳಲಿಲ್ಲ.

ಗುರುವಾರದ ರಾತ್ರಿ ಕ್ಲಬ್ಬಿಗೆ ಹೋಗುವೆವೆಂದು ಕೋಟು ಧರಿಸಿ ಸಿದ್ಧರಾದ ನಮ್ಮನ್ನು ಅವನು ಕರೆದೊಯ್ದದ್ದು ಬೀದಿಬದಿಯ ಒಂದು ಅಂಗಡಿಗೆ. 'ಶ್ಪೇಟಿ' ಎಂದು ಕರೆಯಲ್ಪಡುವ ಇಂತಹ ಅಂಗಡಿಗಳು ತಡರಾತ್ರಿಯವರೆಗೂ ತೆರೆದಿರುತ್ತವೆ. ಎದುರಿಗೆ ಒಂದೆರಡು ಬೆಂಚುಗಳು. ನಮ್ಮ ಊರಿನ ಗೂಡಂಗಡಿಯ ಕಟ್ಟೆಯೇ ಸರಿ. ಕೂಲಿಕಾರನೂ ವಿದ್ಯಾರ್ಥಿಯೂ ಒಂದೇ ಬೆಂಚಿನಲ್ಲಿ ಕೂತು ಬಾಟಲಿ ಹಿಡಿದು ಹರಟುತ್ತಾರೆ. ಬಿಯರಿನ ಬಾಟಲಿ ಹಿಂದಿರುಗಿಸಿದರೆ ಎಂಟು ಸೆಂಟು ಮರಳಿ ಸಿಗುವುದರಿಂದ, ಖಾಲಿಯಾದುದನ್ನು ಕಸದ ಡಬ್ಬಿಗೆ ಹಾಕದೆ ಅದರ ಪಕ್ಕದಲ್ಲಿಡುವುದು ಅಲ್ಲಿನ ಮರ್ಯಾದೆ. ಆಯ್ದುಕೊಳ್ಳುವ ಬಡವನು ಕಸದೊಳಗೆ ಕೈ ಹಾಕದಿರಲಿ ಎಂದು. ನಾವು ಕುಡಿದದ್ದು ಸೇಬಿನ ರಸ. ಬಾಟಲಿಯನ್ನು ಡಬ್ಬಿಯ ಪಕ್ಕದಲ್ಲಿಟ್ಟೇ ಬಂದೆವು.

ಶುಕ್ರವಾರ 'ಟ್ರೆಸೋರ್'. ಈ ಪದದ ಅರ್ಥ ತಿಜೋರಿ. ಯುದ್ಧಕ್ಕೆ ಮುಂಚೆ ಲೈಪ್‌ತ್ಸಿಗರ್ ಬೀದಿಯಲ್ಲಿ ವೆರ್ಟ್‌ಹೈಮ್ ಎಂಬ ಯಹೂದಿ ಮನೆತನದ ಭವ್ಯವಾದ ಬೃಹನ್ಮಳಿಗೆಯಿತ್ತು. ಮನೆತನದ ಕೈಯಿಂದ ಅದನ್ನು ನಾತ್ಸಿಗಳು ಕಿತ್ತರು, ಕಟ್ಟಡವನ್ನು ಬಾಂಬು ಕೆಡವಿತು. ನೆಲದಡಿಯ ಉಕ್ಕಿನ ತಿಜೋರಿಕೋಣೆಗಳು ಮಾತ್ರ ಉಳಿದವು. 1991ರ ಮಾರ್ಚಿಯಲ್ಲಿ ಡಿಮಿತ್ರಿ ಹೇಗೆಮಾನ್ ಮತ್ತು ಸಂಗಡಿಗರು ಅಲ್ಲಿ ಕ್ಲಬ್ಬು ತೆರೆದರು. ಅಲ್ಲಿ ನುಡಿದದ್ದು 'ಟೆಕ್ನೋ'. ಅದರ ಹುಟ್ಟೂರು ಬರ್ಲಿನ್ ಅಲ್ಲ, ಅಮೆರಿಕದ ಡೆಟ್ರಾಯಿಟ್. ಕಾರು ಕಾರ್ಖಾನೆಗಳು ಮುಚ್ಚಿ ಬರಿದಾಗುತ್ತಿದ್ದ ಆ ನಗರದಲ್ಲಿ ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್‌ಸನ್ ಎಂಬ ಕರಿಯ ತರುಣರು 1980ರ ದಶಕದಲ್ಲಿ ತಾಳಯಂತ್ರ, ಸಿಂಥಸೈಸರುಗಳಿಂದ ಹೊಸ ಸಂಗೀತವೊಂದನ್ನು ಕಟ್ಟಿದರು. ಒಂದು ಪಾಳುಬಿದ್ದ ಊರಿನ ನಾದವು ಇನ್ನೊಂದು ಪಾಳುಬಿದ್ದ ಊರಿಗೆ ಹಿಡಿಸಿತು. 2005ರಲ್ಲಿ ಆ ಜಾಗ ಬಿಡಬೇಕಾಗಿ ಬಂದು, 2007ರಲ್ಲಿ ಟ್ರೆಸೋರ್ ಕ್ಯೋಪೆನಿಕರ್ ಬೀದಿಯ ಹಳೆಯ ವಿದ್ಯುತ್ ಸ್ಥಾವರಕ್ಕೆ ಸ್ಥಳಾಂತರಗೊಂಡಿತು. ಹೊಗೆ ತುಂಬಿದ ಆ ನೆಲಮಾಳಿಗೆಯಲ್ಲಿ ನಾವು ನಿಂತದ್ದು ಇಪ್ಪತ್ತು ನಿಮಿಷ. ಸಂಗೀತವನ್ನು ಕಿವಿಗಿಂತ ಮೊದಲು ಎದೆಯ ಗೂಡು ಕೇಳುತ್ತದೆಂದಷ್ಟೇ ಹೇಳಬಲ್ಲೆವು.

ನಿಜವಾದ ಪರೀಕ್ಷೆ ಶನಿವಾರದ ರಾತ್ರಿ, ಹುಡುಗನು ತಾನೇ ನುಡಿಸುವ ಚಿಕ್ಕ ಕ್ಲಬ್ಬಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ಹಿಂದೆ ಮರಗೆಲಸದ ಕಾರ್ಖಾನೆಯಾಗಿದ್ದ ಅಂಗಳದ ಮನೆ. ಇನ್ನೂರು ಮಂದಿ ಹಿಡಿದರೆ ಹೆಚ್ಚು. ಬಾಗಿಲಿನಲ್ಲಿ ನಮ್ಮ ದೂರವಾಣಿಯ ಕ್ಯಾಮರಾ ಕಣ್ಣಿಗೆ ಒಂದು ಚೀಟಿ ಅಂಟಿಸಿದರು. ಒಳಗೆ ಚಿತ್ರ ತೆಗೆಯುವಂತಿಲ್ಲ. ಮೊದಲು ನಮಗೆ ಶಂಕೆಯೇ ಆಯಿತು: ಮುಚ್ಚಿಡಬೇಕಾದದ್ದು ಏನಿದೆ? ಒಳಗೆ ಹೋದ ಮೇಲೆ ತಿಳಿಯಿತು. ಯಾರೂ ಯಾರನ್ನೂ ನೋಡುತ್ತಿಲ್ಲ, ಯಾರೂ ತಮ್ಮನ್ನು ತಾವು ತೋರಿಸಿಕೊಳ್ಳುತ್ತಲೂ ಇಲ್ಲ. ಧೋತರದ ಮುದುಕನು ಒಳಹೊಕ್ಕಿದ್ದರೂ ಕೇಳುವವರಿರಲಿಲ್ಲ.

ಅವನ ಕೆಲಸವನ್ನು ನಾವು ಪಕ್ಕದಲ್ಲಿ ನಿಂತು ನೋಡಿದೆವು. ಎರಡು ಗಾನತಟ್ಟೆಯ ಯಂತ್ರಗಳು, ಟೆಕ್ನಿಕ್ಸ್ 1200. 1972ರಲ್ಲಿ ಮೊದಲು ಬಂದ ಜಪಾನಿ ಯಂತ್ರ. ಇದರ ತಟ್ಟೆಯನ್ನು ಬೆಲ್ಟು ತಿರುಗಿಸುವುದಿಲ್ಲ, ಮೋಟಾರೇ ನೇರವಾಗಿ ತಿರುಗಿಸುತ್ತದೆ. ಬೆರಳಿನಿಂದ ತಡೆದು ಬಿಟ್ಟರೆ ಕ್ಷಣದಲ್ಲಿ ವೇಗಕ್ಕೆ ಬರುತ್ತದೆ. 1979ರ ಮಾದರಿಯಲ್ಲಿ ಬದಿಗೊಂದು ಜಾರುಗುಂಡಿ ಬಂತು; ಅದರಿಂದ ವೇಗವನ್ನು ನೂರಕ್ಕೆ ಎಂಟರಷ್ಟು ಏರಿಸಬಹುದು, ಇಳಿಸಬಹುದು. ನುಡಿಯುತ್ತಿರುವ ರೆಕಾರ್ಡು ನಿಮಿಷಕ್ಕೆ 130 ಪೆಟ್ಟಿನದೆನ್ನೋಣ, ಮುಂದಿನದು 128 ಪೆಟ್ಟಿನದು. ಜನರಿಗೆ ಕೇಳಿಸದಂತೆ ಒಂದು ಕಿವಿಗೆ ಹೆಡ್‌ಫೋನು ಹಚ್ಚಿ, ಎರಡನೆಯದನ್ನು ಒಂದೂವರೆ ಶೇಕಡಾ ಎತ್ತರಿಸಿ, ಪೆಟ್ಟಿಗೆ ಪೆಟ್ಟು ಕೂಡಿದ ಮೇಲೆ ಮೆಲ್ಲನೆ ಒಂದರೊಳಗೆ ಇನ್ನೊಂದನ್ನು ಬಿಡಬೇಕು. ಕೂಡದಿದ್ದರೆ ಕುದುರೆ ಮುಗ್ಗರಿಸಿದಂತೆ ಸದ್ದು, ಕುಣಿಯುವವರ ಕಾಲು ತಪ್ಪುತ್ತದೆ. ಇಂದು ಗಣಕವೇ ಈ ಕೂಡಿಕೆಯನ್ನು ಮಾಡಿಕೊಡುತ್ತದೆ. ಹುಡುಗನು ಕೈಯಿಂದಲೇ ಮಾಡುತ್ತಾನೆ, ಹಟವೆನ್ನಿ, ಅಭಿಮಾನವೆನ್ನಿ.

ಆದರೆ ಯಂತ್ರ ಅರ್ಧ ಕೆಲಸ. ಉಳಿದರ್ಧ ನಮಗೆ ಚಿರಪರಿಚಿತವಾದದ್ದು. ಪಾರ್ತಿಸುಬ್ಬನ ಊರಿನ ಕಡೆಯವರಾದ ನಾವು ಎಷ್ಟು ಬಯಲಾಟಗಳಲ್ಲಿ ಬೆಳಗು ಕಂಡಿಲ್ಲ! ನಡುರಾತ್ರಿ ಕಳೆದು ಸಭೆ ತೂಕಡಿಸುವಾಗ ಭಾಗವತರು ಒಮ್ಮೆ ಕಣ್ಣೆತ್ತಿ ನೋಡುತ್ತಾರೆ, ಚೆಂಡೆಯವನಿಗೆ ಸನ್ನೆಯಾಗುತ್ತದೆ, ಏರುಪದ ಹೊರಡುತ್ತದೆ, ಚಾಪೆಯ ಮೇಲಿನ ಮಗು ಎದ್ದು ಕೂರುತ್ತದೆ. ನಾಲ್ಕು ಗಂಟೆಗೆ ಅಳಿಯನೂ ಹಾಗೆಯೇ ತಲೆಯೆತ್ತಿ ನೋಡಿದನು. ಅರ್ಧಕ್ಕೆ ಅರ್ಧ ಜನ ಗೋಡೆಗೊರಗಿದ್ದರು. ಪೆಟ್ಟನ್ನು ತೆಗೆದುಬಿಟ್ಟನು, ಬರಿಯ ಶ್ರುತಿಯಂಥದೊಂದು ನಾದ ಉಳಿಯಿತು, ನಾವು ಎಣಿಸಿದಂತೆ ಒಂದು ನಿಮಿಷ. ಪೆಟ್ಟು ಮರಳಿದಾಗ ಎದ್ದ ಕೂಗನ್ನು ನಾವು ಮರೆಯಲಾರೆವು. "ಇದು ಎಲ್ಲಿ ಕಲಿತದ್ದು?" ಎಂದು ಆಮೇಲೆ ಕೇಳಿದೆವು. "ನೀವೇ ಹೆಗಲ ಮೇಲೆ ಕೂರಿಸಿಕೊಂಡು ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದಿರಿ ಮಾವ" ಎಂದನು.

ಬಿಳಿಯದನ್ನು ಮಾತ್ರ ಹೇಳಿದರೆ ವಾಚಕರಿಗೆ ವಂಚನೆಯಾದೀತು. ಮಾದಕದ್ರವ್ಯಗಳು ಈ ಇರುಳಿನಲ್ಲಿವೆ, ಅವುಗಳಿಂದ ಸತ್ತವರೂ ಇದ್ದಾರೆ. ಕೊಂಡ ಪದಾರ್ಥದಲ್ಲಿ ಏನು ಬೆರೆತಿದೆಯೆಂದು ಪರೀಕ್ಷಿಸಿ ಎಚ್ಚರಿಸುವ ಉಚಿತ ವ್ಯವಸ್ಥೆಯನ್ನು ನಗರವು 2023ರಲ್ಲಿ ಆರಂಭಿಸಿತು. ಇದು ಸರಿಯೋ ತಪ್ಪೋ ಎಂದು ನಮ್ಮೊಳಗೆ ಇನ್ನೂ ವಾದ ನಡೆದಿದೆ. ಕುಣಿತದ ಗುಂಪು ಮಿತಿ ಮೀರಿದರೆ ಏನಾದೀತೆಂಬುದಕ್ಕೂ ನಿದರ್ಶನವಿದೆ. 1989ರ ಜುಲೈಯಲ್ಲಿ ನೂರೈವತ್ತು ಮಂದಿಯೊಡನೆ ಬರ್ಲಿನ್ನಿನ ಬೀದಿಯಲ್ಲಿ ಹೊರಟ 'ಲವ್ ಪೆರೇಡ್' ಮೆರವಣಿಗೆಯು ಹತ್ತು ವರ್ಷದಲ್ಲಿ ಹದಿನೈದು ಲಕ್ಷಕ್ಕೆ ಬೆಳೆಯಿತು. ಅದು ಬೇರೆ ಊರುಗಳಿಗೆ ಹೋದ ಮೇಲೆ, 2010ರಲ್ಲಿ ಡೂಯಿಸ್‌ಬುರ್ಗ್ ನಗರದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 21 ಮಂದಿ ಅಸುನೀಗಿದರು. ಚಿಕ್ಕ ಕ್ಲಬ್ಬುಗಳನ್ನು ಹುಡುಗನು ನೆಚ್ಚುವುದಕ್ಕೆ ಇದೂ ಒಂದು ಕಾರಣ. ಅವನ ಕ್ಲಬ್ಬಿನಲ್ಲಿ ತೋಳಿಗೆ ಪಟ್ಟಿ ಕಟ್ಟಿದ ಇಬ್ಬರು ರಾತ್ರಿಯಿಡೀ ಸುತ್ತುತ್ತಿರುತ್ತಾರೆ. ಯಾರಾದರೂ ಹೆಣ್ಣುಮಗಳನ್ನು ಕಾಡಿದರೆ, ಯಾರಾದರೂ ತಲೆ ತಿರುಗಿ ಕುಸಿದರೆ ನೋಡಿಕೊಳ್ಳುವುದೇ ಅವರ ಕೆಲಸ. ಒಬ್ಬ ಹುಡುಗಿಗೆ ನೀರು ಕುಡಿಸಿ ಗೆಳತಿಯರು ಬರುವ ತನಕ ಪಕ್ಕದಲ್ಲಿ ಕೂತದ್ದನ್ನು ನಾವೇ ಕಂಡೆವು.

ಭಾನುವಾರ ನಡುಹಗಲಲ್ಲಿ ಜಗತ್ಪ್ರಸಿದ್ಧ 'ಬೆರ್ಗೈನ್' ಅನ್ನು ಹೊರಗಿನಿಂದ ನೋಡಿದೆವು. 1950ರ ದಶಕದ ಉಷ್ಣಸ್ಥಾವರದ ಕಟ್ಟಡ. ಶನಿವಾರ ರಾತ್ರಿ ತೆರೆದರೆ ಸೋಮವಾರ ಬೆಳಿಗ್ಗೆಯವರೆಗೂ ಕುಣಿತ. ಆ ಬಿಸಿಲಿನಲ್ಲಿಯೂ ಸಾಲಿತ್ತು. ಬಾಗಿಲಿನವನು ಕಾರಣ ಹೇಳದೆ ಕೆಲವರನ್ನು ಹಿಂದಕ್ಕೆ ಕಳಿಸುತ್ತಿದ್ದನು. ಈ ಪದ್ಧತಿ ನಮಗೆ ಹಿಡಿಸಲಿಲ್ಲವೆಂದು ನೇರವಾಗಿ ಹೇಳುತ್ತೇವೆ. ನಮಗೆ ಹಿಡಿಸಿದ್ದು ಓರಾನಿಯನ್ ಬೀದಿಯ 'ಎಸ್.ಓ.36', 1978ರಿಂದ ಇರುವ ಸಭಾಗೃಹ. ಹೆಸರು ಆ ಪೇಟೆಯ ಹಳೆಯ ಅಂಚೆಸಂಖ್ಯೆಯದು. 1961ರ ಒಪ್ಪಂದದ ಮೇಲೆ ಕೂಲಿಗೆ ಬಂದ ತುರ್ಕಿ ಜನರು ನೆಲೆಸಿದ ಪೇಟೆ ಅದು. ಗಂಡನ್ನು ಪ್ರೀತಿಸುವ ಗಂಡಸರೂ ಹೆಣ್ಣನ್ನು ಪ್ರೀತಿಸುವ ಹೆಂಗಸರೂ ತುರ್ಕಿ, ಅರಬ್ಬೀ ಹಾಡುಗಳಿಗೆ ಕುಣಿಯುವ ರಾತ್ರಿಯೊಂದು ಅಲ್ಲಿ 1990ರ ದಶಕದ ಕೊನೆಯಲ್ಲಿ ಮೊದಲಾಯಿತು. ಮನೆಯಲ್ಲಿ ಹೇಳಿಕೊಳ್ಳಲಾಗದವರು ತಾಯಿನುಡಿಯ ಹಾಡಿಗೆ ಅಲ್ಲಿ ಕುಣಿಯುತ್ತಾರೆ. ಪರನಾಡಿನಲ್ಲಿ ತಾಯಿನುಡಿಯ ಹಾಡು ಕೇಳಿದರೆ ಏನಾಗುತ್ತದೆಂದು ನಾವು ಬಲ್ಲೆವು.

ಈಗ ಈ ಇರುಳಿಗೇ ಸಂಕಟ ಬಂದಿದೆ. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಹೊಳೆಬದಿಯ ಜಾಗಕ್ಕೆ ಇಂದು ಚಿನ್ನದ ಬೆಲೆ. ಓಬರ್‌ಬೌಮ್ ಸೇತುವೆಯ ಪಕ್ಕದಲ್ಲಿಯೇ 2002ರಲ್ಲಿ ತೆರೆದ 'ವಾಟರ್‌ಗೇಟ್' ಕ್ಲಬ್ಬು ಬಾಡಿಗೆಯ ಭಾರ, ವೆಚ್ಚ ತಾಳಲಾರದೆ 2024ರ ಕೊನೆಗೆ ಬಾಗಿಲು ಹಾಕಿತು. ಹೊಸ ಮನೆಗಳಿಗೆ ಬಂದವರು ಸದ್ದಿನ ಬಗ್ಗೆ ದೂರು ಕೊಡುತ್ತಾರೆ. ಸರಕಾರವೇನೂ ಸುಮ್ಮನೆ ಕುಳಿತಿಲ್ಲ. ಗೋಡೆಗಳಿಗೆ ಸದ್ದು ತಡೆಯುವ ಹೊದಿಕೆ ಹಾಕಿಸಲು ನಗರವು 2018ರಲ್ಲಿ ಹತ್ತು ಲಕ್ಷ ಯೂರೋ ತೆಗೆದಿರಿಸಿತು. ಕ್ಲಬ್ಬುಗಳನ್ನು ಸಂಸ್ಕೃತಿಯ ತಾಣಗಳೆಂದು ಗಣಿಸಬೇಕೆಂದು 2021ರಲ್ಲಿ ಜರ್ಮನಿಯ ಸಂಸತ್ತು ನಿರ್ಣಯಿಸಿತು. 2024ರ ಮಾರ್ಚಿಯಲ್ಲಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿಯು ಆ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

"ಪಟ್ಟಿಗೆ ಸೇರಿದರೆ ಬಾಡಿಗೆ ಕಡಿಮೆಯಾಗುವುದಿಲ್ಲ ಮಾವ" ಎಂದನು ಹುಡುಗ. ಅವನ ಕ್ಲಬ್ಬಿನ ಮನೆಯನ್ನು ಹೊಸ ಮಾಲೀಕರು ಕೊಂಡಿದ್ದಾರೆ. ಬರುವ ವರ್ಷ ಕರಾರು ಮುಗಿಯುತ್ತದೆ. ಉಳಿಯುವ ದಾರಿಯೂ ಇಲ್ಲದಿಲ್ಲ. 2010ರಲ್ಲಿ ಮುಚ್ಚಿದ 'ಬಾರ್ 25' ಎಂಬ ಕ್ಲಬ್ಬಿನವರು ಸಹಕಾರಿ ಸಂಘ ಕಟ್ಟಿದರು. ಸ್ವಿತ್ಸರ್ಲೆಂಡಿನ ಒಂದು ಪಿಂಚಣಿ ಸಂಸ್ಥೆ ಹೊಳೆಬದಿಯ ಜಾಗವನ್ನು ಕೊಂಡು ಅವರಿಗೆ ದೀರ್ಘಕಾಲದ ಗೇಣಿಗೆ ಕೊಟ್ಟಿತು. ಅಲ್ಲಿ 'ಹೋಲ್ತ್ಸ್‌ಮಾರ್ಕ್ಟ್' ಎಂಬ ಪುಟ್ಟ ಊರೇ ಎದ್ದಿದೆ. ಮಕ್ಕಳ ಶಾಲೆಯೂ ಇದೆ. ಅಂತಹ ಸಂಘ ಕಟ್ಟಲು ಇನ್ನೂರು ಮಂದಿಯ ಕ್ಲಬ್ಬಿಗೆ ಶಕ್ತಿಯುಂಟೇ? ಸೋಮವಾರಗಳಲ್ಲಿ ಅವರು ಸಭೆ ಸೇರಿ ಲೆಕ್ಕ ಹಾಕುತ್ತಿದ್ದಾರೆ. ನಾವು ಹೊರಟ ದಿನವೂ ಅವನು ಅಲ್ಲಿಗೆ ಹೋಗಿದ್ದನು.

ಊರಿಗೆ ಮರಳಿ ತಂಗಿಗೆ ವರದಿ ಒಪ್ಪಿಸಿದೆವು. ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಆಟಗಳೂ ಕಾಲಮಿತಿಗೆ ಬಂದು ನಡುರಾತ್ರಿಗೇ ಮುಗಿಯುತ್ತಿರುವುದು ಮಾತಿನ ನಡುವೆ ಬಂತು. ಅವಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:

"ಅಷ್ಟು ಸದ್ದಿಗೆ ಅವನ ಕಿವಿಗೆ ಏನೂ ಆಗುವುದಿಲ್ಲವೇ?"

ಅಳತೆ ಕೊಟ್ಟು ಮಾಡಿಸಿದ ಕಿವಿಬೆಣೆ ಇಟ್ಟುಕೊಳ್ಳುತ್ತಾನೆಂದೆವು.

"ಕರಾರು ಮುಗಿಯುವುದು ಯಾವ ತಿಂಗಳು?"

ಮಾರ್ಚಿ ಎಂದೆವು. ಕಳೆದ ವಾರ ತಂಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಳೆ.