ಮುಚ್ಚಿದ ಮನೆಯ ಬೆಂಕಿ

ಹಳೆಯ ಮನೆಗಳಲ್ಲಿ ಅಗ್ನಿಗೆ ನಿಯತವಾದ ಸ್ಥಾನಗಳಿದ್ದವು. ಅಡಿಗೆಮನೆಯ ಒಲೆ, ಬಚ್ಚಲುಮನೆಯ ಹಂಡೆ, ದೇವರ ಮುಂದಿನ ನಂದಾದೀಪ, ಇವೆಲ್ಲ ಕಣ್ಣಿಗೆ ಕಾಣುವಂಥವು, ಹೊಗೆಯಿಂದಲೋ ಶಾಖದಿಂದಲೋ ತಮ್ಮ ಇರವನ್ನು ತಾವೇ ಸಾರುವಂಥವು. ಹಂಚಿನ ಸಂದಿನಿಂದಲೂ ಗವಾಕ್ಷಿಯಿಂದಲೂ ಗಾಳಿಯಾಡುತ್ತಿದ್ದ ಆ ಮನೆಗಳಲ್ಲಿ ದಹನದ ವಿಷವು ಒಂದೆಡೆ ಮಡುಗಟ್ಟಿ ನಿಲ್ಲುವುದು ಕಷ್ಟವಾಗಿತ್ತು. ಆ ಹೊಗೆಯನ್ನು ಉಂಡು ಎಷ್ಟು ಗೃಹಿಣಿಯರ ಶ್ವಾಸಕೋಶಗಳು ಕೆಟ್ಟವೆಂಬುದನ್ನು ಬಲ್ಲವರಾರೂ ಹಿಂದಿನದೆಲ್ಲ ಚೆನ್ನೆಂದು ಹೇಳಲಾರರು. ಆದರೆ ಇಂದಿನ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಂಕಿಯು ಕೊಳವೆಯೊಳಗೂ ತಂತಿಯೊಳಗೂ ಬ್ಯಾಟರಿಯೊಳಗೂ ಅಡಗಿ ಕುಳಿತಿರುವಾಗ, ಮಳೆಗೆಂದು, ಚಳಿಗೆಂದು, ಸೊಳ್ಳೆಗೆಂದು, ಧೂಳಿಗೆಂದು ನಾವು ಕಿಟಕಿಗಳನ್ನು ಮುಚ್ಚುತ್ತ ಬಂದಿದ್ದೇವೆ. ಮನೆಯಲ್ಲಿ ಬೆಂಕಿಯ ಅಪಾಯವನ್ನು ಕುರಿತು ಯೋಚಿಸುವವನು ಜ್ವಾಲೆಗಿಂತ ಮೊದಲು ಗಾಳಿಯನ್ನು ಕುರಿತು ಯೋಚಿಸಬೇಕೆಂದು ನನಗೆ ತೋರುವುದು ಇದರಿಂದಲೇ.

ಮಾಗಿಯ ತಿಂಗಳುಗಳನ್ನೇ ತೆಗೆದುಕೊಳ್ಳೋಣ. ಡಿಸೆಂಬರಿನ ಬೆಳಗಿನಲ್ಲಿ ಸ್ನಾನದ ಕೋಣೆಯ ಕಿರುಗಿಂಡಿಗೆ ರಟ್ಟು ಒತ್ತರಿಸಿ, ಬಾಗಿಲಿಗೆ ಅಗಣಿ ಹಾಕಿ, ಗೋಡೆಯ ಮೇಲಿನ ಗ್ಯಾಸ್ ಗೀಸರನ್ನು ಹೊತ್ತಿಸಿಕೊಳ್ಳುವುದು ಅನೇಕ ಮನೆಗಳ ವಾಡಿಕೆ. ಆ ಪುಟ್ಟ ಕೋಣೆಯ ಆಮ್ಲಜನಕವನ್ನು ಗೀಸರಿನ ಉರಿಯು ಬಲುಬೇಗ ಕಬಳಿಸುತ್ತದೆ. ಆಮ್ಲಜನಕ ಸಾಲದಾದಾಗ ದಹನ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುವುದರಿಂದ, ಸ್ನಾನ ಮಾಡುತ್ತಿರುವವರಿಗೆ ಮೊದಲು ತಲೆಭಾರ, ಬಳಿಕ ಕಾಲಲ್ಲಿ ಬಲವಿಲ್ಲದಿರುವಿಕೆ, ಅನಂತರ ಮೂರ್ಛೆ. ಅಪಾಯವೆಂಬ ಅರಿವು ಮೂಡುವ ಹೊತ್ತಿಗೆ ಕೈಯೆತ್ತಿ ಅಗಣಿ ತೆಗೆಯುವ ಶಕ್ತಿಯೇ ಉಳಿದಿರುವುದಿಲ್ಲ. ನೀರು ತುಂಬುವ ಹಬ್ಬದ ಮರುದಿನ, ನರಕ ಚತುರ್ದಶಿಯ ಅಭ್ಯಂಜನಕ್ಕೆ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರಂತೆ ಅದೇ ಕೋಣೆಯನ್ನು ಹೊಗುವಾಗ ಈ ವಿಷವು ಏರುತ್ತಲೇ ಹೋಗುವುದೆಂಬುದನ್ನು ನೆನೆಯುವವರು ವಿರಳ. ಎಲ್ಲರಿಗೂ ಎಣ್ಣೆನೀರು ಆಗಲೆಂದು ಕಾದು ಕೊನೆಗೆ ಮೀಯುವ ಮನೆಯೊಡತಿಗೇ ಹೆಚ್ಚಿನ ಗಂಡಾಂತರ. ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಎಡೆಯಲ್ಲಿ ಹಾಕಿಸಿ ನೀರನ್ನು ಮಾತ್ರ ಒಳಕ್ಕೆ ತರುವುದೊಂದೇ ನೆಚ್ಚಬಹುದಾದ ಉಪಾಯ. ಅದಾಗದಿದ್ದರೆ ಬಕೆಟ್ಟು ತುಂಬಿಸಿಕೊಂಡು, ಉರಿಯನ್ನು ಆರಿಸಿ, ಬಾಗಿಲು ತೆರೆದು ಗಾಳಿ ಆಡಿದ ಮೇಲೆಯೇ ಸ್ನಾನಕ್ಕೆ ಇಳಿಯತಕ್ಕದ್ದು.

ಅಡಿಗೆಯ ಅನಿಲದ ಸ್ವಭಾವ ಬೇರೆ. ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣವಾದ ಅದು ಗಾಳಿಗಿಂತ ಭಾರವಾದುದರಿಂದ ಮೇಲೇರದೆ ನೆಲದ ಮೇಲೆ ಹರಡಿ ಕಟ್ಟೆಯ ಕೆಳಗೂ ಮೂಲೆಗಳಲ್ಲಿಯೂ ನಿಲ್ಲುತ್ತದೆ. ಸ್ವತಃ ವಾಸನೆಯಿಲ್ಲದ ಅದಕ್ಕೆ, ಸೋರಿದರೆ ನಮಗೆ ತಿಳಿಯಲೆಂದೇ ದುರ್ಗಂಧದ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಹಾಲು ಉಕ್ಕಿ ಉರಿ ನಂದಿದಾಗ, ಯಾರೂ ನೋಡದಿದ್ದರೆ, ಅನಿಲವು ಸದ್ದಿಲ್ಲದೆ ಹೊರಬರುತ್ತಲೇ ಇರುತ್ತದೆ. ವಾಸನೆ ಬಡಿದೊಡನೆಯೇ ದೀಪ ಹಾಕಲು ಕೈ ತಾನಾಗಿ ಸ್ವಿಚ್ಚಿಗೆ ಹೋಗುವುದಷ್ಟೆ. ಆ ಕೈಯನ್ನು ತಡೆಯುವುದೇ ಇಲ್ಲಿನ ಮುಖ್ಯ ವಿದ್ಯೆ. ಹಾಕುವಾಗ ಮಾತ್ರವಲ್ಲ, ಆರಿಸುವಾಗಲೂ ಸ್ವಿಚ್ಚಿನೊಳಗೆ ಕಿಡಿ ಹಾರುತ್ತದೆ. ಗಾಳಿ ಬರಲೆಂದು ಫ್ಯಾನು ತಿರುಗಿಸುವವನೂ ಆ ಕಿಡಿಯನ್ನೇ ಒದಗಿಸುತ್ತಾನೆ. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರನ್ನೂ ಹೊರಗೆ ಕರೆತಂದು, ಹೊರಗಿನಿಂದಲೇ 1906ಕ್ಕೆ ದೂರವಾಣಿ ಮಾಡಬೇಕು. ಸಿಲಿಂಡರು ಬಂದಾಗ ತೂಕ ನೋಡುವ ನಾವು ಅದರ ಕೊರಳ ಪಟ್ಟಿಯ ಒಳಮೈಯಲ್ಲಿ ಬರೆದಿರುವ ಅಕ್ಷರವನ್ನು ನೋಡುವುದಿಲ್ಲ. ಎ, ಬಿ, ಸಿ, ಡಿ ಎಂಬವು ವರ್ಷದ ನಾಲ್ಕು ತ್ರೈಮಾಸಿಕಗಳು. ‘ಸಿ-27’ ಎಂದಿದ್ದರೆ 2027ರ ಸೆಪ್ಟೆಂಬರಿನೊಳಗೆ ಆ ಸಿಲಿಂಡರು ಮರುಪರೀಕ್ಷೆಗೆ ಹೋಗಬೇಕೆಂದು ಅರ್ಥ. ಅವಧಿ ಮೀರಿದುದನ್ನು ಬಾಗಿಲಲ್ಲೇ ಹಿಂದಿರುಗಿಸಲು ಸಂಕೋಚ ಬೇಡ. ಐದು ವರ್ಷ ಕಳೆದ ರಬ್ಬರ್ ಕೊಳವೆ ನೋಡಲು ಎಷ್ಟೇ ಚೆನ್ನಾಗಿದ್ದರೂ ಬದಲಾಯಿಸತಕ್ಕದ್ದೇ.

ದೀಪಾವಳಿಯ ಪಟಾಕಿಯ ಮಾತನ್ನು ಪತ್ರಿಕೆಗಳು ವರ್ಷ ವರ್ಷವೂ ಹೇಳುತ್ತವೆ, ಮಿಂಟೋ ಕಣ್ಣಾಸ್ಪತ್ರೆಗೆ ವರ್ಷ ವರ್ಷವೂ ಮಕ್ಕಳು ಬರುತ್ತಾರೆ. ನಾನು ಅದಕ್ಕೆ ಹೆಚ್ಚು ಸೇರಿಸಲಾರೆ. ಆ ಒಂದು ಸಂಜೆ ಮಾತ್ರ ಕಿಟಕಿ ಮುಚ್ಚಿ, ಬಾಲ್ಕನಿಯಲ್ಲಿ ಒಣಗುವ ಬಟ್ಟೆಗಳನ್ನು ಒಳಗೆ ತೆಗೆದುಕೊಳ್ಳುವುದು ಲೇಸು. ಬೀದಿಯ ರಾಕೆಟ್ಟಿಗೆ ಮೂರನೆಯ ಮಹಡಿ ಎತ್ತರವೇನಲ್ಲ. ಚಕ್ಕುಲಿ, ಕಜ್ಜಾಯ ಕರಿಯುವ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಸುರಿಯಲಾಗದು, ಏಕೆಂದರೆ ಎಣ್ಣೆಯ ಅಡಿಗಿಳಿದ ನೀರು ತತ್‌ಕ್ಷಣ ಆವಿಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆಯಾರಿಸಿ, ಅಂಚಿನಿಂದ ಸರಿಸಿದಂತೆ ತಟ್ಟೆ ಮುಚ್ಚಿ, ಎಣ್ಣೆ ತಣಿಯುವವರೆಗೂ ತೆರೆಯದಿರಬೇಕು.

ಬೇಸಗೆಯಲ್ಲಿ ಸರದಿ ವಿದ್ಯುತ್ತಿನದು. ಎರಡು ಸಾವಿರ ವಾಟಿನ ಉಪಕರಣವು ಸುಮಾರು ಒಂಬತ್ತು ಆಂಪಿಯರ್ ಸೆಳೆಯುವುದರಿಂದ, ಆರು ಆಂಪಿಯರಿನ ಪ್ಲಗ್ಗಿನಿಂದಲೋ ಸಾಮಾನ್ಯ ಎಕ್ಸ್‌ಟೆನ್ಷನ್ನಿನಿಂದಲೋ ಅದನ್ನು ನಡೆಯಿಸುವವನು ಗೋಡೆಯೊಳಗಿನ ತಂತಿಯನ್ನು ಬೇಯಿಸುತ್ತಿರುತ್ತಾನೆ. ಪ್ಲಗ್ಗು ಮುಟ್ಟಿದರೆ ಬಿಸಿ, ಅಂಚು ಕಂದಿದ ಬಣ್ಣ, ಇವೇ ಅದರ ಕುರುಹು.

ಆದರೂ ನನ್ನನ್ನು ಹೆಚ್ಚು ಕಾಡುವುದು ಮೆಟ್ಟಿಲಿನ ಕೆಳಗೆ ರಾತ್ರಿಯಿಡೀ ಚಾರ್ಜಿಗೆ ನಿಂತ ವಿದ್ಯುತ್ ಸ್ಕೂಟರು. ಅದರ ಲಿಥಿಯಂ ಬ್ಯಾಟರಿ ಕೆರಳಿತೆಂದರೆ ವಿಷಧೂಮವು ಹಿಡಿಯುವುದು ಅದೇ ಮೆಟ್ಟಿಲನ್ನು, ಜನರು ಇಳಿಯಬೇಕಾದುದೂ ಅದೇ ಮೆಟ್ಟಿಲನ್ನು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತಾಗ, ಮೇಲಿನ ಮಹಡಿಗಳವರನ್ನು ಕಿಟಕಿಗಳಿಂದ ಹಾರುವಷ್ಟು ಕಂಗೆಡಿಸಿದುದು ಕಟ್ಟಡದೊಳಗೆ ತುಂಬಿಕೊಂಡ ಹೊಗೆ. ಅದು ಕಚೇರಿಗಳ ಕಟ್ಟಡ; ಆದರೆ ಚಪ್ಪಲಿಗೂಡು, ಹಳೆಯ ಪತ್ರಿಕೆಯ ಕಟ್ಟು, ಮುರಿದ ಸೈಕಲ್ಲುಗಳನ್ನು ಮೆಟ್ಟಿಲಿನ ತಿರುವಿನಲ್ಲಿ ಪೇರಿಸಿ, ತಾರಸಿಯ ಬಾಗಿಲಿಗೆ ಬೀಗ ಜಡಿದು ಬೀಗದ ಕೈಯನ್ನು ಊರಿಗೆ ಹೋದ ಕಾರ್ಯದರ್ಶಿಯ ಬಳಿ ಬಿಟ್ಟಿರುವ ವಸತಿಸಮುಚ್ಚಯಗಳು ನಮ್ಮಲ್ಲಿ ಕಡಿಮೆಯೇ? ಹೊಗೆ ಕವಿದಾಗ ಲಿಫ್ಟಿನ ಆಸೆ ಬಿಟ್ಟು, ನೆಲಕ್ಕೆ ಹತ್ತಿರವಾಗಿ ಬಗ್ಗಿ ನಡೆಯಬೇಕು. ಮೆಟ್ಟಿಲು ದಾಟಲಾಗದಿದ್ದರೆ ಕೋಣೆಯ ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ತುರುಕಿ ಬೀದಿಯ ಕಿಟಕಿಯಲ್ಲಿ ನಿಂತು ಕೂಗಬೇಕು. 101ಕ್ಕೋ 112ಕ್ಕೋ ಕರೆ ಮಾಡುವಾಗ ಅಡ್ಡರಸ್ತೆಯ ಸಂಖ್ಯೆಯೊಂದಿಗೆ ಹತ್ತಿರದ ದೇವಸ್ಥಾನವನ್ನೋ ಶಾಲೆಯನ್ನೋ ಹೇಳುವುದೂ, ಹೊರಬಂದವರಲ್ಲಿ ಒಬ್ಬರು ಬೀದಿಯ ತುದಿಗೆ ಹೋಗಿ ಅಡ್ಡ ನಿಂತ ಕಾರುಗಳನ್ನು ತೆಗೆಯಿಸುವುದೂ ಅಗ್ನಿಶಾಮಕ ವಾಹನವು ಬರುವ ಮುನ್ನ ನಡೆದಿರಬೇಕಾದ ಕೆಲಸ.